ವೈರಸ್ಸಿಗೂ ಒಂದು ಸರ್ವೆ ನಂಬರು



ಕಳೆದ ಸಭೆ ಮುಗಿದು ಕಾಫಿ ಕುಡಿಯುವಾಗ ಹಿರಿಯ ಸದಸ್ಯರೊಬ್ಬರು ಕೇಳಿದರು: "ಅವತ್ತು ಬೆಂಗಳೂರಿಗೆ ಒಮಿಕ್ರಾನ್ ಬಂತು ಅಂದರಲ್ಲ, ಅದು ಡೆಲ್ಟಾ ಅಲ್ಲ ಅಂತ ಹೇಗೆ ಗೊತ್ತಾಯ್ತು ಸಾರ್? ಮೂಗಿಗೆ ಹಾಕಿದ್ದು ಅದೇ ಕಡ್ಡಿ ತಾನೆ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಪ್ರಕಟವಾದದ್ದು 2021ರ ಡಿಸೆಂಬರ್ 2ರಂದು. ಎರಡೂ ಬೆಂಗಳೂರಿನವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು, ಇನ್ನೊಬ್ಬರು ವಿದೇಶಕ್ಕೇ ಹೋಗಿರದ ವೈದ್ಯರು. ಮಕ್ಕಳು ದಿನಾ ಅತ್ತಿಬೆಲೆ ದಾಟಿ ಕೆಲಸಕ್ಕೆ ಹೋಗುವ ನಮ್ಮಂಥ ಮನೆಗಳಿಗೆ ದಿಗಿಲಾದದ್ದು ಆ ಎರಡನೆಯ ಸುದ್ದಿಯಿಂದಲೇ.

ಕಡ್ಡಿಯ ಪರೀಕ್ಷೆ ಮುಖ್ಯವಾಗಿ ಹೇಳುವುದು ಕೊರೋನಾ ಇದೆಯೋ ಇಲ್ಲವೋ ಎಂಬುದನ್ನು. ಯಾವ ತಳಿ ಎಂದು ಖಚಿತವಾಗಬೇಕಾದರೆ ವೈರಸ್ಸಿನ ಒಳಗಿನ ಬರಹವನ್ನೇ ಓದಬೇಕು. ಅದು ಸುಮಾರು 30,000 ಅಕ್ಷರಗಳ ಒಂದೇ ಸಾಲು. ಯಂತ್ರ ಅದನ್ನು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದುಕೊಡುತ್ತದೆ. ಮುಂದಿನದು ಸಾಫ್ಟ್‌ವೇರ್ ಕೆಲಸ. 2020ರ ಜನವರಿಯಲ್ಲಿ ಪ್ರಕಟವಾದ ವುಹಾನ್ ಪ್ರತಿಯ ಪಕ್ಕದಲ್ಲಿಟ್ಟು ಅಕ್ಷರಕ್ಕಕ್ಷರ ತಾಳೆ ನೋಡುತ್ತದೆ.

ಗುಮಾಸ್ತನಾಗಿದ್ದ ನನಗೆ ಇದು ಚೆನ್ನಾಗಿ ಅರ್ಥವಾಯಿತು. ನಕಲು ಮಾಡುವವನು ಒಂದು ತಪ್ಪು ಮಾಡಿದರೆ, ಆ ನಕಲಿನಿಂದ ತೆಗೆದ ಎಲ್ಲ ನಕಲುಗಳಲ್ಲೂ ಅದೇ ತಪ್ಪು ಇರುತ್ತದೆ. ತಪ್ಪು ನೋಡಿಯೇ ಯಾವುದು ಯಾರ ಕೈಯಿಂದ ಬಂತು ಎನ್ನಬಹುದು. ವೈರಸ್ಸೂ ಹಾಗೆಯೇ, ತನ್ನನ್ನು ತಾನು ನಕಲು ಮಾಡುವಾಗ ಆಗಾಗ ತಪ್ಪುತ್ತದೆ. ಒಂದೇ ರೀತಿಯ ತಪ್ಪುಗಳನ್ನು ಹೊತ್ತವು ಒಂದೇ ವಂಶ.

ಈ ವಂಶ ಗುರುತಿಸುವ ಒಂದು ಸಾಫ್ಟ್‌ವೇರ್ ಎಡಿನ್‌ಬರೋ ವಿಶ್ವವಿದ್ಯಾಲಯದ ತಂಡದ್ದು, ಹೆಸರು ಪ್ಯಾಂಗೋಲಿನ್. ಅಂದರೆ ನಮ್ಮ ಚಿಪ್ಪುಹಂದಿ! ಅದು ಕೊಡುವ ಹೆಸರು ಥೇಟ್ ನಮ್ಮ ಜಮೀನಿನ ಸರ್ವೆ ನಂಬರಿನ ಹಾಗೆ, ಭಾಗವಾದಂತೆಲ್ಲ ಉಪಸಂಖ್ಯೆ ಸೇರುತ್ತದೆ. ಡೆಲ್ಟಾ ಎಂದರೆ ಬಿ.1.617.2, ಒಮಿಕ್ರಾನ್ ಎಂದರೆ ಬಿ.1.1.529. ಮೂರು ಸಂಖ್ಯೆ ಮೀರಿದರೆ ಬಾಲ ಉದ್ದವಾಯಿತೆಂದು ಹೊಸ ಅಕ್ಷರ ಕೊಡುತ್ತಾರೆ. ಪತ್ರಿಕೆಯಲ್ಲಿ ಬರುತ್ತಿದ್ದ ಬಿಎ.2 ಒಮಿಕ್ರಾನಿನ ಮಗುವೇ.

ಒಂದು ಮಾತು. ಈ ಸಾಫ್ಟ್‌ವೇರಿಗೆ ಗೊತ್ತಿರುವುದು ರಿಜಿಸ್ಟರಿನಲ್ಲಿ ಏರಿದ ಹೆಸರುಗಳು ಮಾತ್ರ. ಹೊಸ ಕವಲು ದಾಖಲಾಗುವವರೆಗೆ ಹತ್ತಿರದ ತಾಯಿಯ ಹೆಸರಿಗೇ ಹಾಕುತ್ತದೆ. ಹೀಗಾಗಿ ಅದೇ ಮಾದರಿಗೆ ಮುಂದಿನ ತಿಂಗಳು ಬೇರೆ ಹೆಸರು ಬರಬಹುದು, ಅದಕ್ಕೆ ಲ್ಯಾಬಿನವರನ್ನು ಬೈಯಬಾರದು. ಓದಿದ ಸಾಲಿನಲ್ಲಿ ಖಾಲಿ ಜಾಗ ಹೆಚ್ಚಿದ್ದರೆ ಹೆಸರನ್ನೇ ಕೊಡುವುದಿಲ್ಲ.

ಎಲ್ಲರ ಮಾದರಿಯನ್ನೂ ಹೀಗೆ ಓದುವುದಿಲ್ಲ, ಆಯ್ದ ಕೆಲವನ್ನು ಮಾತ್ರ. ಇದಕ್ಕೆಂದೇ 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇನ್ಸಾಕಾಗ್ ಎಂಬ ಲ್ಯಾಬುಗಳ ಕೂಟ ಕಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ಅದರಲ್ಲಿದೆ. ತಮಿಳುನಾಡು 2021ರಲ್ಲಿ ಚೆನ್ನೈನಲ್ಲಿ ತನ್ನದೇ ಲ್ಯಾಬು ತೆರೆಯಿತು. ಗಡಿಯಲ್ಲಿ ಅತ್ತ ಒಂದು ಪಾಸು, ಇತ್ತ ಒಂದು ಪಾಸು ತೋರಿಸಿ ಸಾಕಾಗಿದ್ದ ನಮಗೆ ಇದೊಂದು ಸಮಾಧಾನ: ಮಾದರಿ ಚೆನ್ನೈಗೆ ಹೋದರೂ ಬೆಂಗಳೂರಿಗೆ ಹೋದರೂ, ಬಿ.1.617.2 ಎರಡು ಕಡೆಯೂ ಬಿ.1.617.2.

— ಕಾರ್ಯದರ್ಶಿ