ಗ್ಲೆನ್ ಮಿಲ್ಲರನ ವಿಮಾನವೂ ಮಡಕೆಯ ನೀರೂ

ದಾವಣಗೆರೆಯಲ್ಲಿ ಲಗ್ನಕಾಲ ಬಂದಿತೆಂದರೆ ದೇವರಾಜ ಅರಸು ಬಡಾವಣೆಯ ಬೀದಿಗಳಲ್ಲಿ ಬ್ಯಾಂಡ್ ಸೆಟ್ಟಿನ ಸದ್ದು ಕೇಳಿಬರುವುದು. ಕ್ಲಾರಿಯೊನೆಟ್, ಕಹಳೆ, ಡ್ರಮ್ ಇವುಗಳ ಆ ಮೇಳವನ್ನು ನಾವೆಲ್ಲರೂ ಬಲ್ಲೆವು. ಇಂಥ ವಾದ್ಯಗಳಿಗೆ ಸ್ಯಾಕ್ಸೊಫೋನುಗಳನ್ನು ಕೂಡಿಸಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವನ್ನೇ ಕುಣಿಸಿದವನು ಗ್ಲೆನ್ ಮಿಲ್ಲರ್. 1904ರಲ್ಲಿ ಅಯೋವಾ ಸಂಸ್ಥಾನದಲ್ಲಿ ಹುಟ್ಟಿದ ಈತನು ನುಡಿಸುತ್ತಿದ್ದುದು ಟ್ರೊಂಬೋನ್ ಎಂಬ ಜಾರುಕೊಳವೆಯ ಕಹಳೆಯನ್ನು. ಅವನ 'ಚಾಟನೂಗ ಚೂ ಚೂ' ಎಂಬ ಧ್ವನಿಮುದ್ರಿಕೆ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿ, 1942ರಲ್ಲಿ ಅದಕ್ಕಾಗಿ ಅವನಿಗೆ ಬಂಗಾರದ ತಟ್ಟೆಯ ಗೌರವ ದೊರಕಿತು. ಅದೇ ವರ್ಷ ಅವನು ಕೀರ್ತಿ, ಆದಾಯ ಎರಡನ್ನೂ ಬದಿಗಿಟ್ಟು ಸೈನ್ಯಕ್ಕೆ ಸೇರಿದನು. ವಯಸ್ಸು ಆಗ 38. ಸೇರಲೇಬೇಕೆಂದು ಅವನನ್ನು ಯಾರೂ ಒತ್ತಾಯಿಸಿರಲಿಲ್ಲ.

1944ನೆಯ ಡಿಸೆಂಬರ್ 15. ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಸಮೀಪದಲ್ಲಿದ್ದ ಟ್ವಿನ್‌ವುಡ್ ವಿಮಾನನೆಲೆಯಿಂದ ನಾರ್ಸ್‌ಮನ್ ಜಾತಿಯ ಒಂದು ಚಿಕ್ಕ ವಿಮಾನವು ಪ್ಯಾರಿಸಿಗೆ ಹೊರಟಿತು. ಅದರಲ್ಲಿದ್ದವರು ಮೂವರು: ಮೇಜರ್ ಮಿಲ್ಲರ್, ಕರ್ನಲ್ ಬೇಸೆಲ್, ಚಾಲಕ ಮಾರ್ಗನ್. ತನ್ನ ಬ್ಯಾಂಡು ಬರುವ ಮುನ್ನ ಅಲ್ಲಿ ಏರ್ಪಾಡು ಮಾಡಬೇಕೆಂಬುದು ಮಿಲ್ಲರನ ಉದ್ದೇಶ. ಮೂರು ದಿನಗಳ ಅನಂತರ ಬ್ಯಾಂಡಿನವರು ಪ್ಯಾರಿಸಿನಲ್ಲಿ ಇಳಿದಾಗ ಎದುರುಗೊಳ್ಳಲು ಅವನು ಬಂದಿರಲಿಲ್ಲ. ಹೊರಟ ಮರುದಿನವೇ ಜರ್ಮನರು ಆರ್ಡೆನ್ಸ್ ಅರಣ್ಯದಲ್ಲಿ ಮಹಾದಾಳಿಯನ್ನಾರಂಭಿಸಿದ್ದರಿಂದ, ಒಂದು ಚಿಕ್ಕ ವಿಮಾನ ತಲುಪಿತೋ ಇಲ್ಲವೋ ಎಂದು ವಿಚಾರಿಸುವವರೇ ಇರಲಿಲ್ಲ. ಡಿಸೆಂಬರ್ 24ರಂದು ಸುದ್ದಿ ಹೊರಬಿದ್ದಿತು. ವಿಮಾನದ ಒಂದು ತುಂಡಾಗಲಿ, ಮೂವರ ಕಳೇಬರಗಳಾಗಲಿ ಇಂದಿನವರೆಗೂ ಸಿಕ್ಕಿಲ್ಲ.

ಗುಪ್ತಚರನಾಗಿದ್ದನು, ಪ್ಯಾರಿಸಿನಲ್ಲಿ ಕೊಲೆಯಾದನು ಎಂಬಂಥ ಕಥೆಗಳು ಆಧಾರವಿಲ್ಲದವು, ಅವನ್ನು ಬಿಟ್ಟುಬಿಡೋಣ. ವಿಚಾರಾರ್ಹವಾದದ್ದು ಒಂದಿದೆ. ಅದೇ ದಿನ ಜರ್ಮನಿಯ ಜೀಗನ್ ಪಟ್ಟಣದತ್ತ ಹೊರಟಿದ್ದ ನೂರಕ್ಕೂ ಹೆಚ್ಚು ಲ್ಯಾಂಕಾಸ್ಟರ್ ವಿಮಾನಗಳು, ಬೆಂಗಾವಲಿನವು ಬರಲಾಗದೆ ಹಿಂದಿರುಗಿದುವು. ಬಾಂಬುಗಳೊಡನೆ ನೆಲಕ್ಕಿಳಿಯುವುದು ಅಪಾಯವೆಂದು ಅವನ್ನು ಕಡಲಿನ ಗೊತ್ತಾದ ಜಾಗದಲ್ಲಿ ಬೀಳಿಸಿದುವು. ಆಗ ಕೆಳಗೆ ಒಂದು ನಾರ್ಸ್‌ಮನ್ ಕಡಲಿಗುರುಳಿದುದನ್ನು ತಾನು ಕಂಡೆನೆಂದು ಫ್ರೆಡ್ ಷಾ ಎಂಬ ದಿಕ್ಸೂಚಕ ಅಧಿಕಾರಿ 1984ರಲ್ಲಿ ಹೇಳಿದನು. ಆದರೆ ಗಡಿಯಾರ ಅಡ್ಡಬರುತ್ತದೆ. ಬಾಂಬು ಬಿದ್ದುದು ಸುಮಾರು ಒಂದೂಮುಕ್ಕಾಲಿಗೆ. ಮಿಲ್ಲರ್ ಹೊರಟುದೇ 1 ಗಂಟೆ 55 ನಿಮಿಷಕ್ಕೆ! ಯುದ್ಧಕಾಲದಲ್ಲಿ ಬ್ರಿಟನ್ನಿನ ಗಡಿಯಾರಗಳು ಚಳಿಗಾಲದಲ್ಲಿಯೂ ಗ್ರೀನಿಚ್ ಕಾಲಕ್ಕಿಂತ ಒಂದು ಗಂಟೆ ಮುಂದಿದ್ದುವು. ಒಂದು ದಾಖಲೆ ಗ್ರೀನಿಚ್ ಕಾಲದ್ದು, ಇನ್ನೊಂದು ಸ್ಥಳೀಯ ಕಾಲದ್ದು ಎಂದು ಹಿಡಿದರೆ ಎರಡೂ ಹೊಂದುತ್ತವೆಯೆಂದು ಕೆಲವರು ವಾದಿಸಿದರು. ಲಂಡನ್ನಿಗೆ ಪಶ್ಚಿಮದಲ್ಲಿದ್ದ ಹದಿಹರೆಯದ ಹುಡುಗನೊಬ್ಬನಿಗೆ ಹಾರುವ ವಿಮಾನಗಳನ್ನೆಲ್ಲ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ಹವ್ಯಾಸವಿತ್ತು. ಆ ದಿನದ ಪುಟದಲ್ಲಿ ಒಂದು ನಾರ್ಸ್‌ಮನ್ ಇದೆ, ಹೋದ ದಿಕ್ಕೂ ಇದೆ. ಬಹುಕಾಲದ ಮೇಲೆ ಬೆಳಕಿಗೆ ಬಂದ ಆ ಪುಟವನ್ನು ಆಧಾರವಾಗಿಟ್ಟುಕೊಂಡವರು, ವಿಮಾನದ ದಾರಿಯು ಬಾಂಬು ಬಿದ್ದ ಜಾಗದಿಂದ ದೂರವೇ ಇತ್ತೆಂದು ತೋರಿಸಿದರು. ನಲವತ್ತು ವರ್ಷಗಳ ಅನಂತರದ ನೆನಪಿಗಿಂತ ಅಂದೇ ಬರೆದಿಟ್ಟ ಒಂದು ಸಾಲನ್ನು ನಾವು ಹೆಚ್ಚು ನಂಬುತ್ತೇವೆ.

ಹಾಗಾದರೆ ಆದುದೇನು? ಉತ್ತರಕ್ಕಾಗಿ ನಮ್ಮ ಅಡಿಗೆಮನೆಯ ಮಡಕೆಯ ಬಳಿಗೆ ಹೋಗಬೇಕು. ಬೇಸಗೆಯಲ್ಲಿ ಮಡಕೆಯ ನೀರು ತಣ್ಣಗಿರುವುದು ಏತಕ್ಕೆ? ಮಣ್ಣಿನ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ, ಪ್ರತಿ ಗ್ರಾಮಿಗೆ ಸುಮಾರು 580 ಕ್ಯಾಲೊರಿ ಶಾಖವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುತ್ತದೆ. ನಾರ್ಸ್‌ಮನ್ನಿನ ಒಂದೇ ಎಂಜಿನ್ನಿನ ಕಾರ್ಬ್ಯುರೇಟರಿನಲ್ಲಿ ನಡೆಯುವುದೂ ಇದೇ. ಹಳೆಯ ಸ್ಕೂಟರುಗಳಲ್ಲಿದ್ದಂತೆ ಅಲ್ಲಿಯೂ ಪೆಟ್ರೋಲು ಕಿರಿದಾದ ಕೊರಳಿನಲ್ಲಿ ಗಾಳಿಯೊಡನೆ ಬೆರೆತು ಆವಿಯಾಗುತ್ತದೆ.

ಲೆಕ್ಕವನ್ನು ವಾಚಕರೇ ಮಾಡಬಹುದು. ಒಂದು ಗ್ರಾಂ ಪೆಟ್ರೋಲು ಆವಿಯಾಗಲು ಸರಿಸುಮಾರು 80 ಕ್ಯಾಲೊರಿ ಬೇಕು. ಅದು ಉರಿಯಲು ಬೇಕಾದ ಗಾಳಿ 15 ಗ್ರಾಂ. ಒಂದು ಗ್ರಾಂ ಗಾಳಿಯ ಉಷ್ಣತೆ ಒಂದು ಡಿಗ್ರಿ ಇಳಿದರೆ ದೊರೆಯುವ ಶಾಖ 0.24 ಕ್ಯಾಲೊರಿಯಾದ್ದರಿಂದ, 15 ಗ್ರಾಮಿಗೆ 3.6 ಕ್ಯಾಲೊರಿ. 80ನ್ನು 3.6ರಿಂದ ಭಾಗಿಸಿದರೆ ಗಾಳಿಯ ಉಷ್ಣತೆ 22 ಡಿಗ್ರಿಯಷ್ಟು ಇಳಿಯಬೇಕು. ಪೆಟ್ರೋಲೆಲ್ಲ ಆ ಒಂದೇ ಸ್ಥಳದಲ್ಲಿ ಆವಿಯಾಗುವುದಿಲ್ಲ, ನಿಜ. ಆದರೂ ಇಳಿತ ಅಲ್ಪವಲ್ಲ. ದಾವಣಗೆರೆಯ ಏಪ್ರಿಲ್ ತಿಂಗಳ 38 ಡಿಗ್ರಿ ಬಿಸಿಗಾಳಿ ಹೀಗೆ 16 ಡಿಗ್ರಿಗೆ ಇಳಿದರೂ ಯಾವ ಬಾಧೆಯೂ ಇಲ್ಲ. ಡಿಸೆಂಬರಿನ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ತೇವ ತುಂಬಿದ ಗಾಳಿ 5 ಡಿಗ್ರಿಯಲ್ಲಿದ್ದರೆ, ಕೊರಳಿನಲ್ಲಿ ಅದು ಸೊನ್ನೆಗಿಂತ ಎಷ್ಟೋ ಕೆಳಗಿಳಿಯುವುದು. ಗಾಳಿಯ ತೇವ ಅಲ್ಲಿಯೇ ಹಿಮವಾಗಿ ಅಂಟಿಕೊಂಡು ದಾರಿಯನ್ನು ಮುಚ್ಚುವುದು; ಎಂಜಿನ್ ಉಸಿರುಕಟ್ಟಿ ನಿಲ್ಲುವುದು.

ಹಿಮವನ್ನು ಕರಗಿಸಲು ಬಿಸಿಗಾಳಿಯನ್ನು ಹಾಯಿಸುವ ಏರ್ಪಾಡು ಇಂಥ ಎಂಜಿನ್ನುಗಳಲ್ಲಿರುತ್ತದೆ. ಅದನ್ನು ಸಕಾಲದಲ್ಲಿ ತೆರೆಯದಿದ್ದರೆ ಪ್ರಯೋಜನವಿಲ್ಲ. ಅಂದು ಮೋಡ ತಗ್ಗಿದ್ದು, ವಿಮಾನವೂ ತಗ್ಗಿಯೇ ಹಾರಬೇಕಾಗಿದ್ದರೆ, ಎಂಜಿನ್ ನಿಂತ ಮೇಲೆ ಚಾಲಕನಿಗೆ ಉಳಿಯುತ್ತಿದ್ದುದು ಒಂದೆರಡು ನಿಮಿಷ ಮಾತ್ರ. ನಾರ್ಸ್‌ಮನ್ನಿನ ಗಾಲಿಗಳು ಮಡಚಿಕೊಳ್ಳುವಂಥವಲ್ಲ. ನೀರಿಗೆ ತಗುಲಿದೊಡನೆ ವಿಮಾನವನ್ನು ತಲೆಕೆಳಗು ಮಾಡುವ ಸಂಭವ ಹೆಚ್ಚು. ಬದುಕಿ ಹೊರಬಂದವನ ಕೈಕಾಲುಗಳನ್ನೂ ಆ ಚಳಿನೀರು ಕೆಲವೇ ನಿಮಿಷಗಳಲ್ಲಿ ಮರಗಟ್ಟಿಸುವುದು. 1945ರ ಜನವರಿಯಲ್ಲಿ ಸೈನ್ಯವು ನಡೆಸಿದ ವಿಚಾರಣೆಯೂ ಹವೆ, ಯಂತ್ರದೋಷ, ಮನುಷ್ಯನ ತಪ್ಪು ಇವುಗಳನ್ನೇ ಎತ್ತಿಹೇಳಿತು.

ಆ ವಿಮಾನದ ಮೈ ಲೋಹದ ಕೊಳವೆಗಳ ಮೇಲೆ ಹೊದಿಸಿದ ಬಟ್ಟೆಯದು. ಬಟ್ಟೆ ಎಂದೋ ಕೊಳೆತುಹೋಗಿರಬೇಕು; ಒಂಬತ್ತು ಸಿಲಿಂಡರುಗಳ ಎಂಜಿನ್ ಮಾತ್ರ ಎಲ್ಲಿಯಾದರೂ ಕೆಸರಿನಲ್ಲಿ ಹುದುಗಿದ್ದೀತು. ಮೀನುಗಾರರ ಬಲೆಗೆ ಅದು ಸಿಕ್ಕಿದರೂ, ಕೊರಳನ್ನು ಕಟ್ಟಿದ ಹಿಮ ಅದರಲ್ಲಿರುವುದಿಲ್ಲ; ಅದು ಅಂದೇ ಕರಗಿ ಕಡಲಾಯಿತು. ಆಗ ಪರೀಕ್ಷಕರು ಮೊದಲು ನೋಡುವುದು ಮುಂದಿನ ತಿರುಗುರೆಕ್ಕೆಯನ್ನು. ಎಂಜಿನ್ನಿನ ಬಲದಿಂದ ತಿರುಗುತ್ತ ನೀರಿಗೆ ಬಡಿದ ರೆಕ್ಕೆಯ ಅಲಗುಗಳು ಒಂದು ಬಗೆಯಾಗಿ ಬಾಗಿರುತ್ತವೆ, ನಿಂತ ರೆಕ್ಕೆಯವು ಇನ್ನೊಂದು ಬಗೆಯಾಗಿ.