ಕೇಸು ಗೆದ್ದರೂ ಜಾಗ ಯಾಕೆ ಬರಲಿಲ್ಲ?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮಲ್ಲೊಂದು ಗಾದೆ ಇದೆ. ಖರ್ಚು, ಅಲೆದಾಟ ನೋಡಿ ಹುಟ್ಟಿದ ಮಾತು ಅದು. ಆದರೆ ಆಸ್ತಿ ಕೇಸುಗಳಲ್ಲಿ ಗೆದ್ದವನು ನಿಜವಾಗಿಯೂ ಬರಿಗೈಲಿ ಮನೆಗೆ ಹೋಗೋದುಂಟು. ಯಾಕೆ ಅಂತ ಇವತ್ತು ಹೇಳ್ತೀನಿ.

ಒಂದು ಉದಾಹರಣೆ ತಗೊಳ್ಳಿ. ಪಕ್ಕದ ಜಮೀನಿನವನು ಬದು ಒಡೆದು ನಿಮ್ಮ ನಾಲ್ಕು ಗುಂಟೆ ಒತ್ತಿಕೊಂಡಿದ್ದಾನೆ. ನೀವು ಹದ್ದುಬಸ್ತಿಗೆ ಅರ್ಜಿ ಹಾಕೋ ಹೊತ್ತಿಗೆ ಅವನೇ ಮೊದಲು ಕೋರ್ಟಿಗೆ ಹೋದ. "ನನ್ನ ಸ್ವಾಧೀನಕ್ಕೆ ಇವರು ಅಡ್ಡಿ ಮಾಡ್ತಿದ್ದಾರೆ, ನಿರ್ಬಂಧಕಾಜ್ಞೆ ಕೊಡಿ" ಅಂತ ದಾವೆ ಹೂಡಿದ. ನಿಮಗೆ ಸಮನ್ಸ್ ಬಂತು. ವಕೀಲರನ್ನಿಟ್ಟಿರಿ. ಅವನು ಹೇಳೋದೆಲ್ಲ ಸುಳ್ಳು ಅಂತ ಲಿಖಿತ ಹೇಳಿಕೆ ಕೊಟ್ಟಿರಿ. ವರ್ಷಗಟ್ಟಲೆ ವಾಯಿದೆ ಆಗಿ ಕೊನೆಗೆ ದಾವೆ ವಜಾ ಆಯ್ತು. ನೀವು ಗೆದ್ದಿರಿ. ಆದರೆ ಆ ನಾಲ್ಕು ಗುಂಟೆ? ಅದು ಇನ್ನೂ ಅವನ ಕೈಯಲ್ಲೇ ಇದೆ!

ಕಾರಣ ಸರಳ. ದಾವೆ ವಜಾ ಅಂದ್ರೆ ವಾದಿ ಕೇಳಿದ್ದು ಅವನಿಗೆ ಸಿಗಲಿಲ್ಲ ಅಂತ, ಅಷ್ಟೇ. ಜಾಗ ಬಿಡಿಸಿಕೊಡಿ ಅಂತ ನೀವು ಕೇಳೇ ಇರಲಿಲ್ಲ. ಕೇಳದ ಪರಿಹಾರಕ್ಕೆ ಡಿಕ್ರಿ ಇಲ್ಲ, ಡಿಕ್ರಿ ಇಲ್ಲದೆ ಅಮಲ್ಜಾರಿ ಇಲ್ಲ.

ಇದಕ್ಕೆ ಕಾನೂನಿನಲ್ಲೇ ದಾರಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 8, ನಿಯಮ 6ಎ. 1976ರ ತಿದ್ದುಪಡಿಯಲ್ಲಿ ಬಂದದ್ದು. ಇದರ ಹೆಸರು ಪ್ರತಿದಾವೆ, ವಕೀಲರ ಬಾಯಲ್ಲಿ ಕೌಂಟರ್ ಕ್ಲೇಮ್. ಪೊಲೀಸ್ ಸ್ಟೇಷನ್ನಿನಲ್ಲಿ ಹಾಕೋ ಕೌಂಟರ್ ಕೇಸ್ ಬೇರೆ, ಇದು ಬೇರೆ. ಅವನು ಹೂಡಿದ ದಾವೆಯಲ್ಲೇ ನೀವೂ ಒಂದು ದಾವೆ ಹೂಡಿದ ಹಾಗೆ. ಅದಕ್ಕೆ ವಾದಪತ್ರದ ನಿಯಮಗಳೇ ಅನ್ವಯ, ಕೋರ್ಟ್ ಶುಲ್ಕವನ್ನೂ ಕಟ್ಟಬೇಕು. ನಾಳೆ ಅವನ ದಾವೆ ವಜಾ ಆದರೂ, ಅವನೇ ಅದನ್ನು ಕೈಬಿಟ್ಟರೂ ನಿಮ್ಮ ಪ್ರತಿದಾವೆ ಮುಂದುವರಿಯಬಹುದು. ಅದೇ ಅದರ ಬಲ.

ಯಾವಾಗ ಹಾಕಬೇಕು? ಲಿಖಿತ ಹೇಳಿಕೆಯ ಜೊತೆಗೇ ಹಾಕೋದು ಕ್ರಮ. ಅದಕ್ಕೆ ಸಮನ್ಸ್ ಬಂದ 30 ದಿನ, ಕೋರ್ಟ್ ಒಪ್ಪಿದರೆ 90 ದಿನದವರೆಗೆ ಅಂತ ಸಂಹಿತೆ ಹೇಳುತ್ತೆ. ಆಗ ಹಾಕದಿದ್ದರೆ? ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಕೋರ್ಟಿನ ಅನುಮತಿ ಬೇಕು. 2019ರ ನವೆಂಬರ್‌ನಲ್ಲಿ ಅಶೋಕ್ ಕುಮಾರ್ ಕಾಲ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು. ಲಿಖಿತ ಹೇಳಿಕೆ ಕೊಟ್ಟ ಮೇಲೂ ಪ್ರತಿದಾವೆಗೆ ಅವಕಾಶ ಕೊಡಬಹುದು, ಆದರೆ ಅದು ನಿಮ್ಮ ಹಕ್ಕಲ್ಲ, ಕೋರ್ಟಿನ ವಿವೇಚನೆ. ವಿವಾದಾಂಶಗಳನ್ನು ರಚಿಸಿದ ಮೇಲೆ ಸಾಧ್ಯವಿಲ್ಲ. ಅದೇ ಪೀಠದಲ್ಲಿದ್ದ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಮಾತ್ರ, ಅಸಾಧಾರಣ ಸಂದರ್ಭದಲ್ಲಿ ವಾದಿಯ ಸಾಕ್ಷ್ಯ ಶುರುವಾಗುವವರೆಗೂ ಅವಕಾಶ ಇರಲಿ ಅಂತ ಪ್ರತ್ಯೇಕವಾಗಿ ಬರೆದರು.

ಅನುಮತಿ ಕೇಳೋ ಅರ್ಜಿಯಲ್ಲಿ ಏನಿರಬೇಕು? ಎಷ್ಟು ತಡವಾಯ್ತು, ಯಾಕೆ ತಡವಾಯ್ತು, ಇದಕ್ಕೂ ಮೂಲ ದಾವೆಗೂ ಏನು ಸಂಬಂಧ, ಎದುರಾಳಿಗೆ ಇದರಿಂದ ಅನ್ಯಾಯ ಆಗಲ್ಲ ಅನ್ನೋದು ಹೇಗೆ, ಇನ್ನೊಂದು ದಾವೆಯ ಖರ್ಚು ಹೇಗೆ ಉಳಿಯುತ್ತೆ. ಕೋರ್ಟ್ ತೂಗಿ ನೋಡೋದು ಇವನ್ನೇ. "ವಕೀಲರು ಹೇಳಲಿಲ್ಲ" ಅನ್ನೋ ಒಂದು ಸಾಲು ಸಾಲದು.

ಇನ್ನೊಂದು ಎಚ್ಚರಿಕೆ. ಕಾಲಮಿತಿ ಕಾಯ್ದೆಯ ಪ್ರಕಾರ, ಪ್ರತಿದಾವೆ ಹೂಡಿದ ದಿನ ಅಂದ್ರೆ ನೀವು ಅದನ್ನು ಕೋರ್ಟಿಗೆ ಕೊಟ್ಟ ದಿನ, ಅವನು ದಾವೆ ಹಾಕಿದ ದಿನ ಅಲ್ಲ. ಹಕ್ಕಿನ ಆಧಾರದಲ್ಲಿ ಸ್ವಾಧೀನ ಕೇಳೋಕೆ, ಅವನ ಸ್ವಾಧೀನ ನಿಮಗೆ ಪ್ರತಿಕೂಲವಾದ ದಿನದಿಂದ 12 ವರ್ಷ. ಅವಕಾಶ ತಪ್ಪಿದರೆ ಪ್ರತ್ಯೇಕ ದಾವೆ ಹೂಡಬಹುದು ನಿಜ, ಆದರೆ ನೀವು ಅವನ ಕೇಸಿಗೆ ಓಡಾಡ್ತಾ ಇದ್ದಾಗಲೂ ಆ 12 ವರ್ಷ ಕರಗ್ತಾನೇ ಇರುತ್ತೆ.

ಆದ್ದರಿಂದ ವಕಾಲತ್ತಿಗೆ ಸಹಿ ಹಾಕೋ ದಿನವೇ ನಿಮ್ಮ ವಕೀಲರನ್ನು ಒಂದೇ ಒಂದು ಪ್ರಶ್ನೆ ಕೇಳಿ: "ಸಾರ್, ಈ ದಾವೆ ವಜಾ ಆದ್ರೆ ನನ್ನ ಜಾಗ ನನಗೆ ಬರುತ್ತಾ?" ಬರಲ್ಲ ಅನ್ನೋದು ಉತ್ತರವಾದ್ರೆ, ಪ್ರತಿದಾವೆ ಹಾಕದೆ ಲಿಖಿತ ಹೇಳಿಕೆ ಕೊಡಬೇಡಿ.