ಗ್ಯಾಸ್ ಒಲೆ ಜೋಡಣೆ: ಯಾವುದು ನಮ್ಮ ಕೆಲಸ, ಯಾವುದು ಮೆಕ್ಯಾನಿಕ್‌ನದು?

ಹೊಸ ಗ್ಯಾಸ್ ಒಲೆ ಮನೆಗೆ ಬಂದಾಗ ಅದನ್ನು ಜೋಡಿಸುವುದು ತೀರಾ ಸುಲಭವೆಂದು ತೋರುತ್ತದೆ. ಪೈಪಿನ ಒಂದು ತುದಿಯನ್ನು ರೆಗ್ಯುಲೇಟರಿಗೆ, ಇನ್ನೊಂದನ್ನು ಒಲೆಗೆ ಒತ್ತಿ ಕೂರಿಸಿದರೆ ಮುಗಿಯಿತು. ನಾಬ್ ತಿರುಗಿಸಿ ಲೈಟರ್ ಒತ್ತಿದರೆ ಒಲೆ ಹತ್ತಿಕೊಳ್ಳುತ್ತದೆ. ಆದರೆ ಒಲೆ ಹತ್ತಿದ ಮಾತ್ರಕ್ಕೆ ಜೋಡಣೆ ಸರಿಯಾಗಿದೆ ಎನ್ನಲಾಗದು. ಬರ್ನರಿಗೆ ಗ್ಯಾಸ್ ತಲುಪುತ್ತಿದೆ ಎಂದಷ್ಟೇ ಅದರಿಂದ ತಿಳಿಯುತ್ತದೆ. ಬೇರೆಲ್ಲಿಂದಲೂ ಸೋರುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುವುದೇ ಈ ಕೆಲಸದ ಕಷ್ಟದ ಭಾಗ.

ನಮ್ಮ ಮನೆಗಳಿಗೆ ಬರುವ ಎಲ್‌ಪಿಜಿ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್ ಅನಿಲಗಳ ಮಿಶ್ರಣ. ಒತ್ತಡದಲ್ಲಿ ಅದು ದ್ರವವಾಗುತ್ತದೆ, ಹಾಗಾಗಿಯೇ 14.2 ಕೆ.ಜಿ. ಇಂಧನ ಅಷ್ಟು ಚಿಕ್ಕ ಸಿಲಿಂಡರಿನಲ್ಲಿ ಹಿಡಿಸುತ್ತದೆ. ಹೊರಬಂದರೆ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ಸಿಲಿಂಡರನ್ನು ಎಂದೂ ಅಡ್ಡ ಮಲಗಿಸಿ ಬಳಸಬಾರದು ಎನ್ನುವುದು ಇದಕ್ಕೇ. ಅಡ್ಡ ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಬಹುದು.

ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗದೆ ನೆಲದ ಮೇಲೆ ನೀರಿನಂತೆ ಹರಿದು ಮೂಲೆಯಲ್ಲಿ, ಕಟ್ಟೆಯ ಕೆಳಗಿನ ಕಪಾಟಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡಾ 2ರ ಆಸುಪಾಸಿಗೆ ಬಂದರೆ ಒಂದು ಕಿಡಿ ಸಾಕು. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಇಡೀ ಕೋಣೆಯ ಗಾಳಿ ಈ ಮಟ್ಟ ಮುಟ್ಟಲು ಸುಮಾರು ಒಂದು ಕೆ.ಜಿ. ಗ್ಯಾಸ್ ಸಾಕಾಗುತ್ತದೆ. ಕೆಳಗೇ ತಂಗುವ ಅನಿಲವಾದ್ದರಿಂದ ಇನ್ನೂ ಕಡಿಮೆಯಲ್ಲೇ ಅಪಾಯ ಶುರುವಾಗುತ್ತದೆ. ಎಲ್‌ಪಿಜಿಗೆ ತನ್ನದೇ ಆದ ಗಾಢ ವಾಸನೆಯಿಲ್ಲ. ಸೋರಿಕೆ ಬೇಗ ಗೊತ್ತಾಗಲೆಂದು ಈಥೈಲ್ ಮರ್ಕಾಪ್ಟನ್ ಎಂಬ ಘಾಟು ರಾಸಾಯನಿಕವನ್ನು ಬೆರೆಸುತ್ತಾರೆ.

ಒಂದು ಸಣ್ಣ ಬಿಡಿಭಾಗ ಎಂಥ ಅನಾಹುತ ಮಾಡಬಲ್ಲದು ಎಂಬುದಕ್ಕೆ ಲಂಡನ್ನಿನ ರೋನನ್ ಪಾಯಿಂಟ್ ಕಟ್ಟಡದ ದುರಂತ ಇಂದಿಗೂ ಪಾಠ. 1968ರ ಮೇ 16ರ ಬೆಳಗಿನ ಜಾವ, 22 ಮಹಡಿಗಳ ಆ ಹೊಸ ಕಟ್ಟಡದ 18ನೇ ಮಹಡಿಯಲ್ಲಿ ಮಹಿಳೆಯೊಬ್ಬರು ಚಹಾ ಕಾಯಿಸಲು ಕಡ್ಡಿ ಗೀರಿದರು. ಸೋರಿ ತುಂಬಿದ್ದ ಗ್ಯಾಸ್ ಸಿಡಿದು ಹೊರಗೋಡೆ ಕಿತ್ತುಹೋಯಿತು. ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಕುಸಿಯಿತು. ನಾಲ್ವರು ಸತ್ತರು. ಕಡ್ಡಿ ಗೀರಿದವರು ಬದುಕುಳಿದರು. ಕಟ್ಟಡದ ವಿನ್ಯಾಸವೂ ದುರ್ಬಲವಾಗಿತ್ತು. ಆದರೆ ಗ್ಯಾಸ್ ಸೋರಿದ್ದು ಒಲೆಯನ್ನು ಗ್ಯಾಸ್ ಕೊಳವೆಗೆ ಸೇರಿಸುವ ಕಳಪೆ ಹಿತ್ತಾಳೆ ನಟ್ಟು ಮುರಿದದ್ದರಿಂದ ಎಂದು ತನಿಖೆ ಹೇಳಿತು. ಕಳಪೆ ನಟ್ಟಿಗೂ ಒಳ್ಳೆಯ ನಟ್ಟಿಗೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಬಿಡಿಭಾಗದ ಗುಣಮಟ್ಟಕ್ಕೆ ನಮ್ಮಲ್ಲಿ ಐಎಸ್‌ಐ ಗುರುತು ಬೇಕೆನ್ನುವುದರ ಹಿಂದಿನ ಕಾರಣವೂ ಇದೇ.

ಸೋರಿಕೆಯಷ್ಟೇ ಮುಖ್ಯವಾದದ್ದು ಉರಿ. ಬರ್ನರಿನ ಕೆಳಗೆ ಸೂಜಿಮೊನೆಯಷ್ಟು ತೂತಿರುವ ಜೆಟ್ ಇರುತ್ತದೆ. ಸಿಲಿಂಡರಿನ ಒತ್ತಡವನ್ನು ರೆಗ್ಯುಲೇಟರ್ ಸುಮಾರು 30 ಮಿಲಿಬಾರಿಗೆ ಇಳಿಸುತ್ತದೆ. ಆ ಒತ್ತಡದಲ್ಲಿ ಜೆಟ್‌ನಿಂದ ಚಿಮ್ಮುವ ಗ್ಯಾಸ್ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಬರ್ನರಿಗೆ ಹೋಗುತ್ತದೆ. ಒಂದು ಪಾಲು ಎಲ್‌ಪಿಜಿ ಪೂರ್ತಿ ಉರಿಯಲು ಇಪ್ಪತ್ತನಾಲ್ಕರಿಂದ ಮೂವತ್ತೊಂದು ಪಾಲು ಗಾಳಿ ಬೇಕು. ಬೆಂಗಳೂರು, ಮಂಗಳೂರುಗಳಲ್ಲಿ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಮುಖ್ಯವಾಗಿ ಮೀಥೇನ್. ಅದಕ್ಕೆ ಹತ್ತು ಪಾಲು ಗಾಳಿ ಸಾಕು, ಆದರೆ ಅಷ್ಟೇ ಶಾಖಕ್ಕೆ ಹೆಚ್ಚು ಅನಿಲ ಬೇಕು. ಆದ್ದರಿಂದ ಅದರ ಜೆಟ್‌ನ ತೂತು ದೊಡ್ಡದು. ಕೊಳವೆ ಗ್ಯಾಸಿಗೆ ಹೊಂದಿಸಿದ ಒಲೆಯನ್ನು ಹಾಗೆಯೇ ಸಿಲಿಂಡರಿಗೆ ಹಚ್ಚಿದರೆ ಇಂಧನ ಹೆಚ್ಚಾಗಿ, ಗಾಳಿ ಸಾಲದೆ, ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹತ್ತುತ್ತದೆ. ಜೊತೆಗೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಜೀವ ತೆಗೆಯುವುದೂ ಈ ಅನಿಲದಿಂದಲೇ.

ಹಾಗಾದರೆ ಯಾವ ಕೆಲಸ ಯಾರದು? ಪದೇಪದೇ ಮಾಡುವ ಕೆಲಸ ನಮ್ಮದು; ವರ್ಷಗಳಿಗೊಮ್ಮೆ ಬರುವ ಕೆಲಸ ಅದನ್ನೇ ದಿನವೂ ಮಾಡುವವರದು. ಸಿಲಿಂಡರ್ ಬದಲಿಸುವುದನ್ನು ಮನೆಯ ಹಿರಿಯರೆಲ್ಲ ಸರಿಯಾಗಿ ಕಲಿತಿರಬೇಕು. ರೆಗ್ಯುಲೇಟರ್ ಕೂರಿಸುವ ಮೊದಲು ಹತ್ತಿರದಲ್ಲಿ ದೀಪ, ಊದುಬತ್ತಿ ಉರಿಯುತ್ತಿಲ್ಲವೆಂದು ನೋಡಿ. ವಾಲ್ವಿನೊಳಗೆ ರಬ್ಬರ್ ವಾಷರ್ ಇದೆಯೇ ನೋಡಿ. ಕೂರಿಸಿದ ಮೇಲೆ ಸೋಪಿನ ನೀರು ಹಚ್ಚಿ; ಗುಳ್ಳೆ ಎದ್ದರೆ ಸೋರಿಕೆಯಿದೆ. ಬೆಂಕಿಕಡ್ಡಿ ಹಿಡಿದು ಪರೀಕ್ಷಿಸುವ ಅಭ್ಯಾಸವನ್ನು ಇಂದೇ ಬಿಡಿ.

ಹೊಸ ಒಲೆಯ ಮೊದಲ ಜೋಡಣೆ, ಪೈಪ್ ಬದಲಾವಣೆ, ಕಟ್ಟೆ ಕೊರೆದು ಹಾಬ್ ಕೂರಿಸುವುದು, ಜೆಟ್ ಬದಲಿಸುವುದು, ಗೋಡೆಯಲ್ಲಿ ತಾಮ್ರದ ಕೊಳವೆ ಎಳೆಯುವುದು ಇವೆಲ್ಲ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಅಥವಾ ಒಲೆ ಕಂಪನಿಯ ಸರ್ವಿಸ್‌ನವರಿಗೆ ಬಿಡಬೇಕಾದ ಕೆಲಸ. ಕೊಳವೆ ಗ್ಯಾಸಿನ ಮೀಟರ್, ವಾಲ್ವುಗಳನ್ನಂತೂ ಕೊಳವೆ ಗ್ಯಾಸ್ ಕಂಪನಿಯವರೇ ಮುಟ್ಟಬೇಕು. ಮೆಕ್ಯಾನಿಕ್ ಬಂದಾಗ ಪಕ್ಕದಲ್ಲೇ ನಿಂತು ನೋಡಿ. ಪೈಪು ಐಎಸ್‌ಐ ಗುರುತಿನ ಸುರಕ್ಷಾ ಪೈಪೇ, ಅದರ ಮೇಲಿನ ದಿನಾಂಕ ಯಾವುದು ಎಂದು ಕೇಳಿ. ಐದು ವರ್ಷಕ್ಕೆ ಅದನ್ನು ಬದಲಿಸಲೇಬೇಕು. ಪೈಪಿನ ಉದ್ದ ಒಂದೂವರೆ ಮೀಟರ್ ಮೀರದಿರಲಿ. ಸಿಲಿಂಡರ್ ಕಪಾಟಿನಲ್ಲಿದ್ದರೆ ಅದರ ಬಾಗಿಲಿನ ಕೆಳಭಾಗದಲ್ಲಿ ಗಾಳಿಯ ಕಿಂಡಿಗಳಿರಲಿ. ಸೋಪಿನ ನೀರಿನ ಪರೀಕ್ಷೆ ನಿಮ್ಮೆದುರೇ ನಡೆಯಲಿ. ಅದಾಗದೆ ಕೆಲಸ ಮುಗಿಯಿತೆಂದು ಒಪ್ಪಬೇಡಿ.

ಇಷ್ಟೆಲ್ಲ ಮಾಡಿಯೂ ಎಂದಾದರೂ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಉರಿಯುತ್ತಿರುವ ಲೈಟನ್ನು ಆರಿಸಲೂ ಹೋಗಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆಂದೇ ಇರುವ ಆ ಸಂಖ್ಯೆ ಹಗಲೂ ರಾತ್ರಿಯೂ ತೆರೆದಿರುತ್ತದೆ.